ತೋಳು ತೋರಿಸುತ್ತಿರುವ ರಾಣಿ

ನಾನು ಬರೆಯುತ್ತಿರುವ ಕಾದಂಬರಿಯ ನಾಯಕಿಗೆ ಹನ್ನೆರಡು ವರ್ಷ. ಮದುವೆಯಾಗಿದೆ. ಗಂಡನಿಗೂ ಹೆಚ್ಚುಕಡಿಮೆ ಅಷ್ಟೇ ವಯಸ್ಸು, ಅವನು ಮೈಸೂರಿನ ದೊರೆ. ಅವಳ ಹೆಸರು ದೇವಾಜಮ್ಮಣ್ಣಿ. ವರ್ಷ 1805.

ಹಗಲು ಹೊತ್ತು ನಾನು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ನರ್ಸ್. ನಂಜನಗೂಡಿನ ಕಡೆ ಒಂದು ಹಳ್ಳಿ. ಗುರುವಾರ ಬಂತೆಂದರೆ ಲಸಿಕೆ. ಬೆಳಿಗ್ಗೆ ವ್ಯಾಕ್ಸಿನ್ ಕ್ಯಾರಿಯರ್‌ಗೆ ನಾಲ್ಕು ಐಸ್ ಪ್ಯಾಕ್ ಜೋಡಿಸುವುದರಿಂದ ಹಿಡಿದು ಸಂಜೆ ರಿಜಿಸ್ಟರ್ ಬರೆದು ಮುಗಿಸುವವರೆಗೆ ನನ್ನ ಕಣ್ಣಿಗೆ ಬೀಳುವುದು ಬರೀ ತೊಡೆ ಮತ್ತು ತೋಳು. ಹಾಗಾಗಿ ರಾಣಿಯ ಕಥೆ ಬರೆಯುವವರು ಸಾಮಾನ್ಯವಾಗಿ ಕಿರೀಟದಿಂದ ಶುರುಮಾಡಿದರೆ, ನಾನು ತೋಳಿನಿಂದ ಶುರುಮಾಡಿದೆ.

ಆ ತೋಳು ಒಂದು ಚಿತ್ರದಲ್ಲಿದೆ. ಥಾಮಸ್ ಹಿಕಿ ಎಂಬ ಐರಿಷ್ ಕಲಾವಿದ ಬರೆದ ತೈಲಚಿತ್ರ. ಮೂವರು ಹೆಂಗಸರು ನಿಂತಿದ್ದಾರೆ. ಮೈತುಂಬಾ ಒಡವೆ, ಜರಿ ಸೀರೆ. ಬಲತುದಿಯಲ್ಲಿರುವ ಚಿಕ್ಕವಳ ಸೆರಗು ಎಡತೋಳನ್ನು ಮುಚ್ಚಬೇಕಿತ್ತು, ಆದರೆ ಮುಚ್ಚಿಲ್ಲ. ಇನ್ನೊಂದು ಕೈಯಿಂದ ಆ ತೋಳಿನ ಕಡೆಗೇ ತೋರಿಸುತ್ತಿದ್ದಾಳೆ. ಎಡತುದಿಯವಳ ಮೂಗು ಬಾಯಿಯ ಸುತ್ತ ಬಣ್ಣ ಸ್ವಲ್ಪ ಮಾಸಿದ ಹಾಗಿದೆ. ನಡುವೆ ಇನ್ನೊಬ್ಬರು. ಬಹಳ ಕಾಲ ಇವರನ್ನು ನಾಟ್ಯದ ಹೆಂಗಸರು ಎಂದೇ ಅಂದುಕೊಂಡಿದ್ದರು. ಆಮೇಲೆ ನೈಜೆಲ್ ಚಾನ್ಸೆಲರ್ ಎಂಬ ಇತಿಹಾಸಕಾರರು ಒಡವೆ, ಉಡುಪು, ಇಸವಿ, ಆಸ್ಥಾನದ ದಾಖಲೆ ಎಲ್ಲ ಹೊಂದಿಸಿ ನೋಡಿ, ಇವರು ಮೈಸೂರಿನ ರಾಣಿಯರು ಎಂದರು. ಬಲಗಡೆಯವಳು ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿ, ತೋರಿಸುತ್ತಿರುವುದು ಸಿಡುಬಿನ ಲಸಿಕೆ ಹಾಕಿಸಿಕೊಂಡ ಜಾಗ. ಇದನ್ನು ಎಲ್ಲರೂ ಒಪ್ಪಿಲ್ಲ. ನಾನು ಒಪ್ಪಿದ್ದೇನೆ. ಇಂಜೆಕ್ಷನ್ ಆದ ಮೇಲೆ ಮಕ್ಕಳು ತೋಳು ಹಿಡಿದುಕೊಳ್ಳುವ ರೀತಿಯನ್ನು ದಿನಾ ನೋಡುವವಳು ನಾನು. ಇದೇನೂ ವಿದ್ವಾಂಸರ ವಾದ ಅಲ್ಲ ಬಿಡಿ, ಆದರೆ ಕಾದಂಬರಿಗೆ ಇಷ್ಟು ಸಾಕು.

ನನ್ನ ಅಕ್ಕನ ಮಗಳು ಒಂಬತ್ತನೇ ಕ್ಲಾಸು. ನನ್ನ ಮೊದಲ ಓದುಗಾರ್ತಿ, ಬಹಳ ಕಟ್ಟುನಿಟ್ಟಿನವಳು. ಇಂಗ್ಲಿಷಿನಲ್ಲಿ ಹದಿಹರೆಯದವರಿಗೆಂದೇ ಬರುವ ರಾಣಿ ಕಾದಂಬರಿಗಳನ್ನು ಒಂದಾದ ಮೇಲೊಂದು ಮುಗಿಸುತ್ತಾಳೆ. ಅವಳಿಂದ ಇಸಿದುಕೊಂಡು ನಾನೂ ಕೆಲವು ಓದಿದೆ. ಎಲ್ಲದರಲ್ಲೂ ಹುಡುಗಿ ಮದುವೆ ಬೇಡ ಅನ್ನುತ್ತಾಳೆ. ರಾತ್ರಿ ಗಂಡಸಿನ ವೇಷ ಹಾಕಿ ಕುದುರೆ ಹತ್ತಿ ಹೊರಗೆ ಹೋಗುತ್ತಾಳೆ. ಲಾಯದ ಹುಡುಗನೊಬ್ಬ ಇರಲೇಬೇಕು. ಅರಮನೆಯ ಕಾವಲಿನವರೆಲ್ಲ ಅಷ್ಟು ಹೊತ್ತು ಏನು ಮಾಡುತ್ತಿರುತ್ತಾರೋ ದೇವರಿಗೇ ಗೊತ್ತು. ಓದಲು ಮಜಾ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಕಿರೀಟ ಹೊತ್ತ ನಿಜವಾದ ಹುಡುಗಿಯರ ಕಥೆ ಹಾಗಿರಲಿಲ್ಲ. ಇಂಗ್ಲೆಂಡಿನ ಜೇನ್ ಗ್ರೇಯನ್ನೇ ನೋಡಿ. 1553ರ ಜುಲೈನಲ್ಲಿ ಒಂಬತ್ತು ದಿನ ರಾಣಿ. ಹದಿನಾರೋ ಹದಿನೇಳೋ ವಯಸ್ಸು. ಸಿಂಹಾಸನ ಬೇಕು ಎಂದು ಅವಳೇನೂ ಕೇಳಿರಲಿಲ್ಲ, ಮಾವನೂ ಅಪ್ಪನೂ ಸೇರಿ ಕೂರಿಸಿದರು. ಕೊನೆಗೆ ಅವರಿಬ್ಬರ ತಲೆಯ ಜೊತೆ ಅವಳ ತಲೆಯೂ ಹೋಯಿತು, 1554ರ ಫೆಬ್ರವರಿಯಲ್ಲಿ.

ಮೈಸೂರಿನಲ್ಲಿ ಯಾರ ತಲೆಯೂ ಹೋಗಲಿಲ್ಲ. ಆದರೆ ‘ನಿನಗೆ ಇಷ್ಟವಾ?’ ಎಂದು ಯಾರೂ ಕೇಳಲಿಲ್ಲ ಅನ್ನುವುದು ಇಲ್ಲಿಯೂ ಅಷ್ಟೇ ನಿಜ. ಬೇಡ ಅನ್ನುವ ಅವಕಾಶವೇ ಇಲ್ಲದ ಹುಡುಗಿಯನ್ನು ನಾಯಕಿ ಮಾಡುವುದು ಹೇಗೆ? ನನ್ನ ಕಷ್ಟ ಪೂರ್ತಿ ಇದೇ.

ಅವಳು ಬಂದು ಸೇರಿದ ಆಸ್ಥಾನ ಎಂಥದ್ದು ಎಂದು ಮೊದಲು ಹೇಳಬೇಕು. ಹಳೆಯದಲ್ಲ, ವೈಭವದ್ದೂ ಅಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಈಸ್ಟ್ ಇಂಡಿಯಾ ಕಂಪನಿಯವರು ಒಡೆಯರ ಮನೆತನದ ಐದು ವರ್ಷದ ಹುಡುಗನನ್ನು ಹುಡುಕಿಕೊಂಡು ಹೋದಾಗ ಆ ಕುಟುಂಬ ಇದ್ದದ್ದು ಒಂದು ಸಾಮಾನ್ಯ ಮನೆಯಲ್ಲಿ. 1796ರಲ್ಲೇ ಅವರನ್ನು ಅರಮನೆಯಿಂದ ಹೊರಗೆ ಕಳಿಸಲಾಗಿತ್ತು. ಜೂನ್ 30ಕ್ಕೆ ಮೈಸೂರಿನಲ್ಲಿ ಪಟ್ಟ ಕಟ್ಟಿದರು. ಅರಮನೆ ಇರಲಿಲ್ಲ, ಚಪ್ಪರ ಹಾಕಿ ಅದರಡಿ ಕೂರಿಸಿದರು. ಆಮೇಲೆ ಹೊಸದಾಗಿ ಮರದ ಅರಮನೆ ಎದ್ದಿತು. ಈಗ ನಾವು ಭಾನುವಾರ ದೀಪ ನೋಡಲು ಹೋಗುತ್ತೇವಲ್ಲ, ಅದಲ್ಲ. ಆ ಮರದ ಅರಮನೆ 1897ರಲ್ಲಿ ರಾಜಕುಮಾರಿಯ ಮದುವೆಯ ಹೊತ್ತಿಗೆ ಬೆಂಕಿ ಬಿದ್ದು ಹೋಯಿತು. ಹಾಗಾಗಿ ನನ್ನ ಕಾದಂಬರಿಯಲ್ಲಿ ಅರಮನೆ ಅಂದರೆ ಅಮೃತಶಿಲೆಯ ತಣ್ಣನೆ ನೆಲ ಇಲ್ಲ. ಹೊಸ ಮರದ ವಾಸನೆ ಇದೆ, ಮೇಲಿನವರು ನಡೆದರೆ ಕೆಳಗೆ ಕೇಳಿಸುತ್ತದೆ. ಗುಟ್ಟು ಮಾತಾಡಲು ಜಾಗವೇ ಇಲ್ಲ. ಕಥೆ ಬರೆಯುವವರಿಗೆ ಇದಕ್ಕಿಂತ ಇನ್ನೇನು ಬೇಕು ಹೇಳಿ.

ಮನೆಯ ಯಜಮಾನಿ ಲಕ್ಷ್ಮಮ್ಮಣ್ಣಿ. ಇಮ್ಮಡಿ ಕೃಷ್ಣರಾಜರ ವಿಧವೆ, ದೊರೆಗೆ ಅಜ್ಜಿಯ ಸ್ಥಾನ. 1766ರಲ್ಲಿ ಗಂಡ ತೀರಿಕೊಂಡ ಮೇಲೆ ಹೈದರನ ಕಾಲ, ಟಿಪ್ಪುವಿನ ಕಾಲ, ಎರಡನ್ನೂ ಕಂಡವರು. ಕಾವಲಿನ ಒಳಗೆ ಇದ್ದುಕೊಂಡೇ ತಿರುಮಲರಾಯ, ನಾರಾಯಣರಾಯರ ಮೂಲಕ ಇಂಗ್ಲಿಷರ ಜೊತೆ ಮಾತುಕತೆ ನಡೆಸಿದವರು. ಹತ್ತಾರು ವರ್ಷ ಕಾದು ಗೆದ್ದ ಹೆಂಗಸು. ಇಂಗ್ಲಿಷ್ ಕಾದಂಬರಿಯಲ್ಲಾದರೆ ಇವರು ಖಳನಾಯಕಿ. ಹುಡುಗಿಯ ಕೋಣೆಗೆ ಬೀಗ ಹಾಕುವ ಅಜ್ಜಿ. ನನಗೆ ಹಾಗೆ ಬರೆಯಲು ಕೈ ಬರುವುದಿಲ್ಲ. ದಿವಾನ್ ಪೂರ್ಣಯ್ಯನವರು ಒಂದು ಕಡೆ, ಕಂಪನಿಯ ಪ್ರತಿನಿಧಿ ರೆಸಿಡೆಂಟ್ ಇನ್ನೊಂದು ಕಡೆ, ನಡುವೆ ಪುಟ್ಟ ದೊರೆ. ಆ ಮಗು ಸಿಡುಬಿನಲ್ಲಿ ಹೋದರೆ ಅಷ್ಟೂ ವರ್ಷದ ಕಾಯುವಿಕೆ ಮಣ್ಣುಪಾಲು. ಅವರಿಗೆ ಹೆದರಿಕೆ ಇರಲಿಲ್ಲವಾ? ಇದ್ದೇ ಇರುತ್ತದೆ.

ಒಡೆಯರ ಮನೆಗೆ ಹೆಣ್ಣು ಬರುತ್ತಿದ್ದದ್ದು ಅರಸು ಮನೆತನಗಳಿಂದ. 1805ರಲ್ಲಿ ಬಂದ ರಾಣಿಯರು ಇಬ್ಬರು. ಇಬ್ಬರ ಹೆಸರೂ ದೇವಾಜಮ್ಮಣ್ಣಿ! ಇದನ್ನು ನಾನು ಕಟ್ಟಿದ್ದಲ್ಲ, ಚಾನ್ಸೆಲರ್ ಹೇಳುವುದೇ ಹೀಗೆ. ಎಡಗಡೆ ನಿಂತಿರುವವಳು ಹಿರಿಯ ದೇವಾಜಮ್ಮಣ್ಣಿ. ಊಳಿಗದವರು ಇವರನ್ನು ಹೇಗೆ ಕರೆಯುತ್ತಿದ್ದರು ಎಂದು ತಲೆಕೆಡಿಸಿಕೊಂಡು, ಕೊನೆಗೆ ದೊಡ್ಡಮ್ಮಣ್ಣಿ, ಚಿಕ್ಕಮ್ಮಣ್ಣಿ ಅಂತ ಇಟ್ಟುಕೊಂಡೆ. ಇಬ್ಬರೂ ಪಟ್ಟದ ಗೊಂಬೆ ತಂದಿದ್ದಾರೆ. ಅದೇ ವರ್ಷ ದಸರಾದಲ್ಲಿ ದೊರೆ ವಿಶೇಷ ದರ್ಬಾರು ನಡೆಸುವ ಪದ್ಧತಿ ಶುರುವಾಯಿತು. ಹೊರಗೆ ಗಂಡಸರು ಒಬ್ಬೊಬ್ಬರಾಗಿ ಬಂದು ಮುಜುರೆ ಮಾಡುತ್ತಿದ್ದರೆ, ಒಳಗೆ ಇಬ್ಬರು ಹುಡುಗಿಯರು ಯಾರ ಗೊಂಬೆ ಮೇಲಿನ ಮೆಟ್ಟಿಲಲ್ಲಿ ಕೂರಬೇಕು ಎಂದು ಜಗಳ ಆಡುತ್ತಿದ್ದಾರೆ. ಅಕ್ಕನ ಮಗಳಿಗೆ ಈ ಅಧ್ಯಾಯ ಇಷ್ಟವಾಯಿತು. ದೊರೆಯ ಜೊತೆ ಪ್ರೇಮ ಇಲ್ಲ ಅನ್ನುವುದು ಮಾತ್ರ ಅವಳ ತಕರಾರು. ಹನ್ನೊಂದು ವರ್ಷದ ಹುಡುಗನ ಜೊತೆ ಏನು ಪ್ರೇಮ ಮಾರಾಯ್ತಿ? ಮುಂದೆ ದೊಡ್ಡವರಾದಾಗ ಮುಮ್ಮಡಿಯವರಿಗೆ ಆಟದ ಮಣೆಗಳ ಹುಚ್ಚು, ಚದುರಂಗದ ಕುದುರೆ ಬಿಟ್ಟು ಲೆಕ್ಕ ಕಟ್ಟುತ್ತಿದ್ದರು. ಹಾಗಾಗಿ ನನ್ನ ಕಥೆಯ ಹುಡುಗ ಸುಮ್ನೆ ಮಣೆ ಮುಂದೆ ಕೂತಿರುತ್ತಾನೆ, ಯಾರಾದರೂ ಆಡಲು ಬರಲಿ ಎಂದು ಕಾಯುತ್ತಾ.

ಇನ್ನು ಲಸಿಕೆ. ಇದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಕಥೆಯ ಗಂಟು ಇಲ್ಲೇ ಇರುವುದು.

ಅದಕ್ಕೂ ಮೊದಲು ಇದ್ದ ಉಪಾಯ ಬೇರೆ. ಸಿಡುಬು ಬಂದವರ ಒಣಗಿದ ಹಕ್ಕಳೆಯನ್ನು ಪುಡಿ ಮಾಡಿ ಮೂಗಿಗೆ ಊದುವುದು, ಇಲ್ಲ ಚರ್ಮದೊಳಗೆ ಸೇರಿಸುವುದು. ಹಗುರವಾಗಿ ಸಿಡುಬು ಬಂದು ಹೋಗುತ್ತದೆ, ಮತ್ತೆ ಬರುವುದಿಲ್ಲ. ಆದರೆ ಅದು ನಿಜವಾದ ಸಿಡುಬೇ. ನೂರಕ್ಕೆ ಒಬ್ಬರೋ ಇಬ್ಬರೋ ಸಾಯುತ್ತಿದ್ದರು, ಪಕ್ಕದವರಿಗೂ ಅಂಟಬಹುದು. ಹಾಗೇ ಬಂದ ಸಿಡುಬಿನಲ್ಲಿ ನೂರಕ್ಕೆ 20-30 ಜನ ಹೋಗುತ್ತಿದ್ದರು ಅನ್ನುವುದನ್ನು ನೆನೆದರೆ ಇದೂ ದೊಡ್ಡದೇ. ಚಿತ್ರದಲ್ಲಿ ದೊಡ್ಡಮ್ಮಣ್ಣಿಯ ಮೂಗು ಬಾಯಿಯ ಸುತ್ತ ಕಾಣುವ ಮಾಸಲು ಈ ಮೂಗಿನ ಪುಡಿಯ ಗುರುತು ಎನ್ನುತ್ತಾರೆ ಚಾನ್ಸೆಲರ್. ಅಂದರೆ ಒಂದೇ ಚಿತ್ರದಲ್ಲಿ ಹಳೆಯ ವಿಧಾನ ಎಡಕ್ಕೆ, ಹೊಸದು ಬಲಕ್ಕೆ.

ಹೊಸದನ್ನು ಎಡ್ವರ್ಡ್ ಜೆನ್ನರ್ 1796ರಲ್ಲಿ ಮಾಡಿ ತೋರಿಸಿದ್ದರು. ಸಿಡುಬಿನ ಬದಲು ಹಸುವಿನ ಸಿಡುಬು. ಹಾಲು ಕರೆಯುವವಳ ಕೈಯ ಗುಳ್ಳೆಯಿಂದ ರಸ ತೆಗೆದು ಎಂಟು ವರ್ಷದ ಹುಡುಗನ ತೋಳಿಗೆ ಹಾಕಿದರು. ಆದರೆ ಆ ರಸ ಇಂಗ್ಲೆಂಡಿನಿಂದ ಇಲ್ಲಿಗೆ ಬರಬೇಕಲ್ಲ! ಒಣಗಿಸಿ ಕಳಿಸಿದರೆ ದಾರಿಯ ಬಿಸಿಲಿಗೆ ಕೆಡುತ್ತಿತ್ತು. ಈಗ ನಾನು ಲಸಿಕೆಯನ್ನು 2ರಿಂದ 8 ಡಿಗ್ರಿಯೊಳಗೆ ಇಟ್ಟುಕೊಂಡು ಓಡಾಡುತ್ತೇನೆ, ಥರ್ಮಾಮೀಟರ್ ನೋಡಿ ನೋಡಿ ಬರೆಯುತ್ತೇನೆ. ಆಗ ಐಸ್ ಎಲ್ಲಿಯದು? ಮಕ್ಕಳೇ ಐಸ್ ಬಾಕ್ಸ್. ಒಂದು ಮಗುವಿನ ತೋಳಿಗೆ ಹಾಕುವುದು, ಎಂಟನೇ ದಿನ ಗುಳ್ಳೆ ಬಲಿತಾಗ ಅದರಿಂದ ರಸ ತೆಗೆದು ಇನ್ನೊಂದು ಮಗುವಿಗೆ, ಅಲ್ಲಿಂದ ಮತ್ತೊಂದಕ್ಕೆ. ಒಂದು ಕೊಂಡಿ ತಪ್ಪಿದರೆ ಮೊದಲಿನಿಂದ. ಬಾಗ್ದಾದ್, ಬಸ್ರಾ ದಾಟಿ ಹೀಗೆ ತೋಳಿನಿಂದ ತೋಳಿಗೆ ಬೊಂಬಾಯಿಗೆ ಬಂತು. 1802ರ ಜೂನ್ 14ರಂದು ಭಾರತದಲ್ಲಿ ಮೊದಲು ಅದು ಸರಿಯಾಗಿ ಎದ್ದದ್ದು ಅನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿನ ತೋಳಿನಲ್ಲಿ. ಮನೆಗೆಲಸದವರ ಮಗು. ಅವಳಿಂದ ಬೇರೆ ಮಕ್ಕಳಿಗೆ, ಅಲ್ಲಿಂದ ದಕ್ಷಿಣಕ್ಕೆ.

ಈಗ ಅರಮನೆಗೆ ಬನ್ನಿ. ಚಿಕ್ಕಮ್ಮಣ್ಣಿಯ ತೋಳಿಗೆ ರಸ ಹಾಕಬೇಕು ಎಂದರೆ, ಬಲಿತ ಗುಳ್ಳೆ ಇರುವ ಮಗು ಒಂದು ಎದುರಿಗೆ ಕೂತಿರಬೇಕು, ಅಲ್ವಾ? ಯಾರ ಮಗು? ಯಾವ ಕೇರಿಯದು? ಆ ಕಾಲದಲ್ಲಿ ಜನ ಲಸಿಕೆಗೆ ಹಿಂಜರಿದದ್ದು ಬರೀ ಸೂಜಿಯ ಭಯದಿಂದ ಅಲ್ಲ. ಯಾರದೋ ಮೈಯ ರಸ ನನ್ನ ಮಗುವಿನ ಮೈಗೆ ಹೋಗುತ್ತದೆ ಎಂಬುದೇ ದೊಡ್ಡ ಮಾತು. ಜೊತೆಗೆ ಸಿಡುಬು ಬರೀ ಕಾಯಿಲೆ ಆಗಿರಲಿಲ್ಲ, ಅಮ್ಮ. ಅಮ್ಮ ಬಂದ ಮನೆಯಲ್ಲಿ ಬೇವಿನ ಸೊಪ್ಪು ಕಟ್ಟಬೇಕು, ಒಗ್ಗರಣೆ ಹಾಕಬಾರದು, ಗಟ್ಟಿಯಾಗಿ ಮಾತಾಡಬಾರದು. ಸಿಡುಬು ಭಾರತದಿಂದ ಹೋಗಿ ಐವತ್ತು ವರ್ಷವಾಯಿತು, 1975ರಲ್ಲಿ ಕೊನೆಯ ಕೇಸು. ನಮ್ಮ ಹಳ್ಳಿಗಳಲ್ಲಿ ಈಗಲೂ ಚಿಕನ್ ಪಾಕ್ಸ್ ಬಂದರೆ ಇದೇ ಉಪಚಾರ. ‘ಮೇಡಂ, ಅಮ್ಮ ಇಳಿದ ಮೇಲೆ ಬರ್ತೀವಿ’ ಎನ್ನುತ್ತಾರೆ. ನಾನು ಬೈಯುವುದಿಲ್ಲ. ಬೈದರೆ ಮುಂದಿನ ಸಲ ಪೋಲಿಯೋ ಹನಿಗೂ ಬರುವುದಿಲ್ಲ. ಇನ್ನು 1805ರಲ್ಲಿ, ಕಂಪನಿಯ ಡಾಕ್ಟರು ತಂದ ಹಸುವಿನ ರಸ ಎಂದರೆ ಜನ ಹೇಗೆ ನಂಬಿಯಾರು? ಅದಕ್ಕೇ ಒಂದು ತೋಳು ಬೇಕಿತ್ತು. ಊರಿಗೆಲ್ಲ ತೋರಿಸಲು, ದೊಡ್ಡ ಮನೆಯ ತೋಳು.

ಕಂಪನಿಗೆ ಆ ತೋಳು ಪ್ರಚಾರ. ಪೂರ್ಣಯ್ಯನವರಿಗೆ ರೆಸಿಡೆಂಟ್ ಜೊತೆ ಒಳ್ಳೆಯ ಸಂಬಂಧ. ಅಜ್ಜಿಗೆ ವಂಶದ ಕ್ಷೇಮ. 1806ರ ಜುಲೈನ ದಾಖಲೆಯಲ್ಲಿ, ರಾಣಿ ಹಾಕಿಸಿಕೊಂಡದ್ದು ನೋಡಿ ಜನರೂ ಮುಂದೆ ಬಂದರು ಎಂದು ಹೆಮ್ಮೆಯಿಂದ ಹೇಳಿದ್ದಾರೆ. ಅದೇ ಜುಲೈ 10ರಂದು ವೆಲ್ಲೂರಿನಲ್ಲಿ ಸಿಪಾಯಿಗಳು ದಂಗೆ ಎದ್ದರು. ಟಿಪ್ಪುವಿನ ಮಕ್ಕಳನ್ನು ಇಟ್ಟಿದ್ದ ಕೋಟೆ ಅದು. ಕಂಪನಿಯವರ ಮೇಲೆ ಜನಕ್ಕೆ ಎಷ್ಟು ನಂಬಿಕೆ ಇತ್ತು ಎಂದು ಇದರಲ್ಲೇ ಗೊತ್ತಾಗುತ್ತದೆ. ಇಷ್ಟೆಲ್ಲ ಭಾರ ಹನ್ನೆರಡು ವರ್ಷದ ಹುಡುಗಿಯ ಒಂದು ತೋಳಿನ ಮೇಲೆ.

ಆ ಅಧ್ಯಾಯದಿಂದ ಒಂದು ತುಣುಕು ಇಲ್ಲಿ ಹಾಕುತ್ತೇನೆ:

“ನೋವಾಗುತ್ತಾ ಅಜ್ಜಿ?”

“ಆಗುತ್ತೆ ಮಗು.”

“ಅಕ್ಕನಿಗೆ ಮೂಗಿಗೆ ಊದಿದ್ದರಲ್ಲ, ಅದಕ್ಕಿಂತ ಜಾಸ್ತಿನಾ?”

ಲಕ್ಷ್ಮಮ್ಮಣ್ಣಿ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದರು. “ಅದಕ್ಕಿಂತ ಕಡಿಮೆ. ಆದರೆ ಅವಳದ್ದನ್ನು ಮನೆಯವರು ಮಾತ್ರ ನೋಡಿದರು. ನಿನ್ನದನ್ನು ಊರೇ ನೋಡುತ್ತೆ.”

ಇದನ್ನು ಓದಿದ ಅಕ್ಕನ ಮಗಳು, “ಚಿಕ್ಕಮ್ಮ, ಇವಳು ಏನೂ ಮಾಡ್ತಾನೇ ಇಲ್ವಲ್ಲ! ಬರೀ ಕೇಳ್ತಾಳೆ. ಬೇಡ ಅನ್ನಬಾರದಾ?” ಎಂದಳು.

ಅದಕ್ಕೆ ಉತ್ತರ ಸಿಕ್ಕಿದ್ದು ಒಂದು ಶಾಲೆಯಲ್ಲಿ. ಹತ್ತನೇ ವಯಸ್ಸಿಗೆ ಒಮ್ಮೆ, ಹದಿನಾರನೇ ವಯಸ್ಸಿಗೆ ಒಮ್ಮೆ ಧನುರ್ವಾಯು, ಗಂಟಲುಮಾರಿ ತಡೆಯುವ ಟಿಡಿ ಲಸಿಕೆ ಇರುತ್ತದಲ್ಲ, ಅದಕ್ಕೆ ಹೋಗಿದ್ದೆ. ಐದನೇ ಕ್ಲಾಸಿನ ಹುಡುಗಿಯೊಬ್ಬಳು ಸಾಲಿನಲ್ಲಿ ಕೊನೆಗೆ ನಿಂತಿದ್ದಳು. ಸರದಿ ಬಂದಾಗ ಕೇಳಿದಳು, “ಬೇಡ ಅಂದ್ರೆ ಬಿಡ್ತೀರಾ ಮಿಸ್?” ಅಪ್ಪ ಅಮ್ಮ ಒಪ್ಪಿ ಕಳಿಸಿದ್ದಾರೆ ಕಣಮ್ಮ ಎಂದೆ. ಒಂದು ನಿಮಿಷ ಯೋಚನೆ ಮಾಡಿದಳು. “ಹಾಗಾದ್ರೆ ಎಡಗೈಗೆ ಹಾಕಿ. ಬಲಗೈಲಿ ರಂಗೋಲಿ ಬಿಡಬೇಕು, ನಾಳೆ ಕಾಂಪಿಟಿಷನ್ ಇದೆ. ಆಮೇಲೆ ಅವಳು ನನ್ನ ಪಕ್ಕ ಕೂತ್ಕೋಬೇಕು.” ಗೆಳತಿಯನ್ನು ತೋರಿಸಿದಳು. ಗೆಳತಿ ಬಂದು ಕೂತಳು. ಹುಡುಗಿ ತೋಳು ಚಾಚಿ ಮುಖ ಆ ಕಡೆ ತಿರುಗಿಸಿಕೊಂಡಳು. ಸೂಜಿ ಹೋಗುವಾಗ ಹುಬ್ಬು ಸಹ ಅಲುಗಲಿಲ್ಲ. ಹತ್ತಿ ಒತ್ತಿಕೊಂಡು, ಎರಡು ಹೆಜ್ಜೆ ನಡೆದು, ಆಮೇಲೆ ಅತ್ತಳು.

ಮನೆಗೆ ಬಂದು ಅಧ್ಯಾಯವನ್ನು ಮತ್ತೆ ಬರೆದೆ. ಚಿಕ್ಕಮ್ಮಣ್ಣಿ ಈಗ ಬೇಡ ಅನ್ನುವುದಿಲ್ಲ. ಚೌಕಾಸಿ ಮಾಡುತ್ತಾಳೆ. ಗುಳ್ಳೆ ಎದ್ದು, ಬಲಿತು, ಹಕ್ಕಳೆ ಕಟ್ಟಿ ಉದುರುವವರೆಗೆ ಮೂರು ವಾರ. ಅಷ್ಟು ದಿನ ತನ್ನ ತಾಯಿಯನ್ನು ಕರೆಸಿ ಜೊತೆಯಲ್ಲಿ ಇಡಬೇಕು ಎನ್ನುತ್ತಾಳೆ. ಇನ್ನೊಂದು, ರಸ ಕೊಡುವ ಮಗುವನ್ನು ಹಿತ್ತಲ ಬಾಗಿಲಿನಿಂದ ತಂದು ಹಾಗೇ ಕಳಿಸಬಾರದು, ಅವಳಿಗೂ ಊಟ ಹಾಕಬೇಕು. ಅಜ್ಜಿ ಮೊದಲನೆಯದಕ್ಕೆ ತಕ್ಷಣ ಒಪ್ಪುತ್ತಾರೆ. ಎರಡನೆಯದಕ್ಕೆ ತುಂಬಾ ಹೊತ್ತು ತೆಗೆದುಕೊಳ್ಳುತ್ತಾರೆ. ಯಾವ ಪಂಕ್ತಿಯಲ್ಲಿ ಕೂರಿಸುವುದು? ಬಡಿಸುವವರು ಯಾರು? ಅರಮನೆಯಲ್ಲಿ ಯುದ್ಧದ ಮಾತು ಇದಕ್ಕಿಂತ ಬೇಗ ಮುಗಿಯುತ್ತಿತ್ತು.

ಆ ಮಗುವನ್ನು ಹಿಕಿ ಬರೆಯಲಿಲ್ಲ. ನಾನು ಬರೆಯುತ್ತಿದ್ದೇನೆ. ಏಳು ವರ್ಷದವಳು, ಕೋಟೆ ಹೊರಗಿನ ಸಿಪಾಯಿ ಲೈನಿನವಳು, ತೋಳು ತೋರಿಸಿದರೆ ಬೆಲ್ಲ ಕೊಡುತ್ತಾರೆ ಎಂದು ನಂಬಿಸಿ ಕರೆತಂದಿದ್ದಾರೆ. ಅರಮನೆಯೊಳಗೆ ಬಂದ ಕೂಡಲೇ ಅವಳ ಕಣ್ಣು ಬೀಳುವುದು ರಾಣಿಯ ಒಡವೆ ಮೇಲಲ್ಲ, ಗೊಂಬೆ ಮೇಲೆ.

ಈಗ ಉಳಿದಿರುವುದು ಎಂಟನೇ ದಿನದ ಅಧ್ಯಾಯ. ಸರಪಳಿ ಅಲ್ಲಿಗೇ ನಿಲ್ಲಬಾರದು ಎಂದರೆ, ಚಿಕ್ಕಮ್ಮಣ್ಣಿಯ ಗುಳ್ಳೆಯಿಂದ ರಸ ತೆಗೆದು ಇನ್ನೊಬ್ಬರಿಗೆ ಹಾಕಬೇಕು. ರಾಣಿಯ ಮೈಯ ರಸ ಯಾರ ಮೈಗೆ? ಡಾಕ್ಟರು ಸಾಲಿನಲ್ಲಿ ನಿಂತವರನ್ನು ನೋಡುತ್ತಾನೆ, ಅಂತಃಪುರದಲ್ಲಿ ಎಲ್ಲರೂ ನೆಲ ನೋಡುತ್ತಾರೆ. ಅಕ್ಕನ ಮಗಳು ದೊರೆಗೇ ಹಾಕಿಸು ಎನ್ನುತ್ತಾಳೆ, ಅವಳಿಗೆ ಪ್ರೇಮದ ಆಸೆ ಇನ್ನೂ ಬಿಟ್ಟಿಲ್ಲ. ನನ್ನ ಮನಸ್ಸಿನಲ್ಲಿ ಇರುವುದು ಅಡಿಗೆಮನೆಯಲ್ಲಿ ಪಾತ್ರೆ ತೊಳೆಯುವವಳ ಗಂಡು ಮಗು. ತಾಯಿ ಹೂಂ ಅನ್ನಬೇಕು, ಅಷ್ಟೇ. ಅವಳಿಂದ ಹೂಂ ಅನ್ನಿಸಲು ನಾಲ್ಕು ಪುಟ ಬರೆದು ಹರಿದೆ. ಇಂಥ ತಾಯಂದಿರು ಹೇಗೆ ಹೂಂ ಅನ್ನುತ್ತಾರೆ ಎಂದು ನನ್ನ ಜೊತೆ ಮನೆ ಮನೆ ತಿರುಗುವ ಆಶಾ ಅಕ್ಕನಿಗೆ ನನಗಿಂತ ಚೆನ್ನಾಗಿ ಗೊತ್ತು. ಈ ಗುರುವಾರ ಕೆಲಸ ಮುಗಿದ ಮೇಲೆ ಅವರನ್ನೇ ಕೂರಿಸಿಕೊಂಡು ಕೇಳುತ್ತೇನೆ.